ಗೇಣು ಸಣ್ಣದಾದ್ರೆ ಕೈ ಸರಿಸು

ಆಗಸ್ಟ್ 4, 2025, ಸೋಮವಾರ
ಸೋಮವಾರಪೇಟೆ ಹತ್ತಿರ, ರಾತ್ರಿ

ನಿನ್ನೆ ಆಟಿ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಜಾಸ್ತಿನೇ ಮಾಡಿದ್ದೆ, ಇವತ್ತು ಬೆಳಗ್ಗೆನೂ ಅದೇ ತಿಂಡಿ ಆಯ್ತು. ಕರೆಂಟ್ ರಾತ್ರಿ ಹನ್ನೊಂದಕ್ಕೆ ಹೋಗಿದ್ದು ಸಂಜೆವರೆಗೂ ಬರ್ಲಿಲ್ಲ. ಆಂಪ್ (ಸದ್ದು ಜೋರು ಮಾಡೋ ಪೆಟ್ಟಿಗೆ) ಇಲ್ದೆ ಬೇಸ್ ಗಿಟಾರ್ ಏನೂ ಕೇಳ್ಸಲ್ಲ, ಅದ್ರಲ್ಲೂ ಹೆಂಚಿನ ಮೇಲೆ ಈ ಮಳೆ ಬೀಳ್ತಿದ್ರೆ. ನಾನು ಏನ್ ಮಾಡ್ತೀನಿ ಅಂದ್ರೆ ಹೆಡ್‌ಸ್ಟಾಕ್, ಅಂದ್ರೆ ಬೇಸಿನ ತಲೆ, ಅದರ ತುದಿನ ಅಜ್ಜನ ಕಾಲದ ಮರದ ಬೀರುಗೆ ತಾಗಿಸಿ ಕೂರ್ತೀನಿ, ಆಗ ಇಡೀ ಬೀರು ಗುಂಯ್ ಅನ್ನುತ್ತೆ, ಒಬ್ಬರು ಕೇಳೋಕೆ ಅಷ್ಟು ಸಾಕು.

ಬೆಳಗ್ಗೆ ಹೆಬ್ಬೆರಳ ಬುಡ ಹಿಡ್ಕೊಂಡಿತ್ತು. ಈ ಥಂಡಿಗೆ ಹಾಗೇ. ಬಿಸಿನೀರಲ್ಲಿ ಕೈ ಇಟ್ಕೊಂಡು ಹತ್ತು ನಿಮಿಷ ಕೂತು, ಆಮೇಲೆನೇ ಬೇಸ್ ಎತ್ಕೊಂಡಿದ್ದು. ಹೋದ ವರ್ಷ ಮಡಿಕೇರಿಲಿ ಡಾಕ್ಟರ್ ಎಕ್ಸ್‌ರೇ ನೋಡಿ ಹೇಳಿದ್ರು, ಹೆಬ್ಬೆರಳ ಬುಡದ ಕೀಲು ಸವೆದಿದೆ, ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇದು ಬರೋದು ಜಾಸ್ತಿ ಅಂತ. ನನಗೀಗ 57. ತೋಟದ ಕೆಲಸ, ಕತ್ತಿ ಹಿಡಿದಿದ್ದು, ಬಟ್ಟೆ ಹಿಂಡಿದ್ದು ಎಲ್ಲಾ ಸೇರಿರುತ್ತೆ. ಆದ್ರೆ ಅದನ್ನ ಜೋರು ಮಾಡಿದ್ದು ಬೇಸ್ ಹಿಡಿಯೋಕೆ ನಾನು ಮೊದಲು ಕಲಿತ ರೀತಿ, ಅದ್ರಲ್ಲಿ ನನಗೆ ಸಂಶಯ ಇಲ್ಲ.

ಆನ್‌ಲೈನ್‌ನಲ್ಲಿ ಒಬ್ಬ ಮೇಷ್ಟ್ರು ಹತ್ರ ಶುರು ಮಾಡಿದ್ದೆ, ಎರಡು ವರ್ಷದ ಹಿಂದೆ. ಬೇಸಿನ ನೆಕ್ ಅಂದ್ರೆ ಉದ್ದದ ಕತ್ತಿನ ಮೇಲೆ ಅಡ್ಡ ಕಂಬಿಗಳಿರುತ್ತೆ, ಅವುಗಳ ನಡುವಿನ ಒಂದೊಂದು ಮನೆನೂ ಒಂದು ಫ್ರೆಟ್. ಮೊದಲ ದಿನದಿಂದನೇ ಒಂದು ಫ್ರೆಟ್ಟಿಗೆ ಒಂದು ಬೆರಳು, ಅದೂ ಒಂದನೇ ಫ್ರೆಟ್ಟಿಂದ, ನಾಲ್ಕು ಬೆರಳೂ ಅಗಲಿಸಿ ಇಡ್ಬೇಕು, ಎತ್ತಬಾರದು. ಕೈ ಸಣ್ಣದು ಸರ್ ಅಂದ್ರೆ ಪ್ರಾಕ್ಟೀಸ್ ಮಾಡಿ ಅಗಲ ಆಗುತ್ತೆ ಅಂದ್ರು. ನಾಲ್ಕು ತಿಂಗಳು ಮಾಡಿದೆ, ಅಗಲ ಆಗಿದ್ದು ನೋವು ಮಾತ್ರ, ಕೊನೆಗೆ ಉಪ್ಪಿನಕಾಯಿ ಜಾಡಿ ಮುಚ್ಚಳ ತಿರುಗಿಸೋಕೂ ಇವರನ್ನ ಕರೀಬೇಕಾಯ್ತು. ಅದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ. ಐವತ್ತು ದಾಟಿದವರ ಮೂಳೆ ಎಳೆದ್ರೆ ಬೆಳೆಯಲ್ಲ ಅಂತ ಕಲಿಸೋರಿಗೆ ಗೊತ್ತಿರ್ಬೇಕಿತ್ತು.

ಆಮೇಲೆ ಒಂದಿನ ಹೊಲಿಗೆ ಟೇಪ್ ತಗೊಂಡು ಅಳೆದೆ. ಇದನ್ನ ಬೇಸ್ ಕಲಿಯೋ ಎಲ್ರೂ ಮಾಡ್ಬೇಕು. ನನ್ನ ಗೇಣು, ಹೆಬ್ಬೆರಳಿಂದ ಕಿರುಬೆರಳ ತುದಿಗೆ, ಪೂರ್ತಿ ಅಗಲಿಸಿದ್ರೆ 7 ಇಂಚು. ಮಾಮೂಲಿ ಬೇಸ್ ತಂತಿಯ ಉದ್ದ 34 ಇಂಚು, ಗಿಟಾರ್ ಮಾಡೋ ಫೆಂಡರ್ ಕಂಪನಿಯವರು 1951ರಲ್ಲಿ ಪ್ರಿಸಿಶನ್ ಬೇಸ್ ಮಾಡಿದಾಗಿಂದ ಅದೇ ಅಳತೆ ನಡ್ಕೊಂಡು ಬಂದಿದೆ. ಅದ್ರಲ್ಲಿ ಒಂದನೇ ಕಂಬಿಯಿಂದ ನಾಲ್ಕನೇ ಕಂಬಿಗೆ 5 ಇಂಚಿಗೂ ಚೂರು ಜಾಸ್ತಿ. ಅದೇ ಐದನೇ ಕಂಬಿಯಿಂದ ಎಂಟನೇದಕ್ಕೆ 4 ಇಂಚು ಅಷ್ಟೇ. ಅಂದ್ರೆ ಮೇಲೆ ಹೋದಷ್ಟೂ ಫ್ರೆಟ್ಟು ಕಿರಿದಾಗುತ್ತೆ, ನಾಲ್ಕು ಬೆರಳು ನಾಲ್ಕು ಫ್ರೆಟ್ ಅನ್ನೋದು ಐದನೇ ಫ್ರೆಟ್ ಮೇಲೆ ನನ್ನ ಕೈಗೂ ಆರಾಮಾಗಿ ಆಗುತ್ತೆ, ಕೆಳಗೆ ಆಗಲ್ಲ. ಒಂದೇ ನಿಯಮ ಎಲ್ಲಾ ಕಡೆ ಹಾಕಿದ್ರೆ ತೊಂದ್ರೆ ಆಗೋದು ಅಲ್ಲೇ.

ಕೆಳಗಿನ ಫ್ರೆಟ್ಟುಗಳಿಗೆ ಬೇರೆ ದಾರಿ ಇದೆ, ಅದು ನಿಂತು ಬಾರಿಸೋ ದೊಡ್ಡ ಡಬಲ್ ಬೇಸಿನವರದ್ದು. ವಿಯೆನ್ನಾದಲ್ಲಿ ಫ್ರಾಂಜ್ ಸಿಮಾಂಡ್ಲ್ ಅಂತ ಒಬ್ಬರು 1869ರಿಂದ 1910ರವರೆಗೆ ಕಲಿಸ್ತಿದ್ರು, ಆ ಪದ್ಧತಿಗೆ ಅವರ ಹೆಸರೇ ನಿಂತುಬಿಟ್ಟಿದೆ. ತೋರುಬೆರಳು, ನಡುಬೆರಳು, ಕಿರುಬೆರಳು, ಮೂರು ಬೆರಳಿಗೆ ಮೂರು ಫ್ರೆಟ್. ಉಂಗುರದ ಬೆರಳು ಕಿರುಬೆರಳಿಗೆ ಜೊತೆ ಕೊಡುತ್ತೆ, ಎರಡೂ ಒಟ್ಟಿಗೆ ಒತ್ತುತ್ತವೆ. ನಾಲ್ಕನೇ ಫ್ರೆಟ್ ಬೇಕಾದ್ರೆ ಬೆರಳು ಚಾಚೋದಿಲ್ಲ, ಇಡೀ ಕೈ ಸರಿಯುತ್ತೆ. ಇದಕ್ಕೆ ಕಾರಣನೂ ಕೈಯೊಳಗೇ ಇದೆ, ಉಂಗುರದ ಬೆರಳು ಕಿರುಬೆರಳು ಎರಡನ್ನೂ ಮಡಿಸೋ ಸ್ನಾಯು ಮುಂಗೈಲಿ ಒಟ್ಟಿಗೇ ಅಂಟಿಕೊಂಡಿರುತ್ತೆ, ಒಂದನ್ನ ಮಡಿಸಿದ್ರೆ ಇನ್ನೊಂದೂ ಬರುತ್ತೆ (ಮೇಜಿನ ಮೇಲೆ ಕೈ ಇಟ್ಟು ನೋಡಿ, ಗೊತ್ತಾಗುತ್ತೆ). ಅವೆರಡನ್ನ ಬೇರೆ ಬೇರೆ ಎಳೆದು ಜಗಳ ಆಡೋ ಬದಲು ಜೊತೆಗೇ ಬಿಟ್ರೆ ಬಲನೂ ಜಾಸ್ತಿ.

ಈ ಪದ್ಧತಿ ಬಗ್ಗೆ ಓದಿದಾಗ ಅರ್ಧ ಅರ್ಥ ಆಗಿತ್ತು. ಪೂರ್ತಿ ಅರ್ಥ ಆಗಿದ್ದು ಜನವರಿಲಿ, ರೊಬಸ್ಟಾ ಕಾಫಿ ಕೊಯ್ಲಲ್ಲಿ. ನಾನು ನಿಂತಲ್ಲಿಂದನೇ ಆ ಕಡೆ ಕೊಂಬೆಗೆ ಕೈ ಚಾಚ್ತಿದ್ದೆ, ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಬರ್ತಿರೋ ಅಕ್ಕ ಒಬ್ಬರು ಪಕ್ಕದ ಗಿಡದಿಂದ ಕೂಗಿದ್ರು, "ಅಮ್ಮಾ, ಕೈ ಚಾಚ್ಬೇಡಿ, ಸೊಂಟ ಹಿಡ್ಕೊಳ್ಳುತ್ತೆ, ಒಂದು ಹೆಜ್ಜೆ ಇಡಿ." ಅವರು ಕೊಯ್ಯೋದು ನೋಡಿದ್ರೆ ಮೊಣಕೈ ಯಾವತ್ತೂ ಮೈ ಬಿಟ್ಟು ದೂರ ಹೋಗಲ್ಲ, ಹೆಜ್ಜೆ ಇಡ್ತಾರೆ, ಇಲ್ಲ ಕೊಂಬೆನೇ ಹತ್ರ ಎಳ್ಕೋತಾರೆ, ದಿನಾ ಪೂರ್ತಿ ಕೊಯ್ದ್ರೂ ಮಾರನೇ ದಿನ ಬರ್ತಾರೆ. ಆವತ್ತು ಸಂಜೆ ಬೇಸ್ ಹಿಡಿದು ಹಾಗೇ ನುಡಿಸಿದೆ, ಕೈಗೆ ಹೆಜ್ಜೆ ಹಾಕೋದು ಕಲಿಸ್ತಾ.

ಇವತ್ತು ಬೀರು ಪಕ್ಕ ನುಡಿಸಿದ್ದು ಶಂಕರಾಭರಣದ ಆರೋಹಣನೇ, ಪಾಶ್ಚಾತ್ಯರ ಜಿ ಮೇಜರ್. ಸಣ್ಣ ಕೈಯವರಿಗೆ ಇದಕ್ಕಿಂತ ಒಳ್ಳೆ ಶುರು ಇಲ್ಲ. ಬೇಸಿನ ನಾಲ್ಕು ತಂತಿ ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ಇ ತಂತಿ ಮೂರನೇ ಫ್ರೆಟ್ಟಲ್ಲಿ ನಡುಬೆರಳು, ಸ. ರಿ ಅನ್ನೋದು ಎ ತಂತಿ ಖಾಲಿ, ಅಂದ್ರೆ ಎಲ್ಲೂ ಒತ್ತದೆ ಮೀಟೋದು. ಅದೇ ತಂತಿಲಿ ಎರಡನೇ ಫ್ರೆಟ್ ತೋರುಬೆರಳು ಗ, ಮೂರನೇದು ನಡುಬೆರಳು ಮ. ಪ ಮತ್ತೆ ಖಾಲಿ ಡಿ ತಂತಿ. ದ ಎರಡನೇ ಫ್ರೆಟ್ ತೋರುಬೆರಳು, ನಿ ನಾಲ್ಕನೇ ಫ್ರೆಟ್ ಕಿರುಬೆರಳು, ಮೇಲಿನ ಸ ಖಾಲಿ ಜಿ ತಂತಿ. ಎಂಟು ಸ್ವರ, ಅದ್ರಲ್ಲಿ ಮೂರಕ್ಕೆ ಎಡಗೈಗೆ ಕೆಲಸನೇ ಇಲ್ಲ, ಉಳಿದಿದ್ದೆಲ್ಲಾ ಎರಡನೇ ಕಂಬಿಯಿಂದ ನಾಲ್ಕನೇ ಕಂಬಿಯೊಳಗೆ, 3 ಇಂಚು ಚಿಲ್ಲರೆ. ಖಾಲಿ ತಂತಿ ನುಡಿಸೋದು ಹೊಸಬರ ಲಕ್ಷಣ ಅಂತಾರೆ ಕೆಲವರು, ನಾನು ಒಪ್ಪಲ್ಲ. ಖಾಲಿ ತಂತಿ ಮೊಳಗ್ತಿರೋ ಅಷ್ಟು ಹೊತ್ತಲ್ಲಿ ಕೈ ಸಡಿಲ ಬಿಟ್ಟು ಮುಂದಿನ ಜಾಗಕ್ಕೆ ಹೋಗ್ಬಹುದು, ನನ್ನ ಕೈಗೆ ಅದೇ ಉಸಿರಾಡೋ ಸಮಯ.

ಇನ್ನು ಹೆಬ್ಬೆರಳು. ನೋವು ಶುರುವಾಗೋದು ಇಲ್ಲಿ, ಆದ್ರೆ ನೋಡೋದು ಎಲ್ರೂ ಬೇರೆ ಬೆರಳನ್ನ. ನೆಕ್ ಹಿಂದೆ ನಡುಬೆರಳಿನ ಎದುರಿಗೆ ಸುಮ್ನೆ ತಾಗ್ಕೊಂಡಿರ್ಬೇಕು, ಕೈ ಸರಿದ್ರೆ ಅದೂ ಜೊತೆಗೆ ಸರಿಬೇಕು, ಒಂದು ಕಡೆ ಅಂಟಿಸಿಟ್ಟು ಮಿಕ್ಕ ಬೆರಳನ್ನ ಎಳೆದ್ರೆ ಆ ಕೀಲಿನ ಗತಿ ಕೆಟ್ಟಿತು. ದಿನಾ ಶುರುಲಿ ನಾನು ಹೆಬ್ಬೆರಳು ತೆಗೆದುಬಿಟ್ಟು ನಾಲ್ಕು ಸ್ವರ ನುಡಿಸ್ತೀನಿ. ಬಲಗೈ ಮೊಣಕೈ ಬೇಸಿನ ಮೈ ಮೇಲೆ ಒರಗಿರುತ್ತೆ, ಎಡಗೈ ತೋಳಿನ ಭಾರ ಹಿಂದಕ್ಕೆ ಇಳಿಬಿಟ್ರೆ ತಂತಿ ತಾನೇ ಒತ್ತುತ್ತೆ, ಇಕ್ಕಳದ ಥರ ಹಿಡಿಯೋ ಅಗತ್ಯ ಇಲ್ಲ. ಆಮೇಲೆ ಬೆರಳನ್ನ ಕಂಬಿಯ ಹಿಂದೆ ಹತ್ತಿರದಲ್ಲೇ ಇಟ್ಟು ಮೆಲ್ಲಗೆ ಒತ್ತುತ್ತಾ ಹೋಗ್ತೀನಿ, ಮೊದಲು ಜುಂಯ್ ಅನ್ನುತ್ತೆ, ಎಲ್ಲಿ ಸ್ವರ ಶುದ್ಧ ಆಯ್ತೋ ಅಲ್ಲೇ ನಿಲ್ಲಿಸೋದು. ಎರಡು ಕಂಬಿಯ ನಟ್ಟನಡುವೆ ಒತ್ತಿದ್ರೆ ಅದೇ ಸ್ವರಕ್ಕೆ ಎಷ್ಟೋ ಜಾಸ್ತಿ ಬಲ ಬೇಕು.

ಬೇಸ್ ನೇತುಹಾಕೋ ಹೆಗಲ ಪಟ್ಟಿನೂ ಮೇಲೆ ಎಳೆದಿದ್ದೀನಿ, ಹೆಡ್‌ಸ್ಟಾಕ್ ಭುಜದ ಎತ್ತರಕ್ಕೆ ಬರೋ ಹಾಗೆ ಓರೆ. ಮಣಿಕಟ್ಟು ನೆಟ್ಟಗಿರುತ್ತೆ. ಬಗ್ಗಿದ ಮಣಿಕಟ್ಟಲ್ಲಿ ನರ, ಸ್ನಾಯುರಜ್ಜು ಎಲ್ಲಾ ಹಾದುಹೋಗೋ ಸಂದಿ ಇಕ್ಕಟ್ಟಾಗುತ್ತೆ, ಬೆರಳು ಜೋಮು ಹಿಡಿಯುತ್ತೆ.

ಮಧ್ಯಾಹ್ನ ತಮ್ಮನ ಮಗ ಬೆಂಗಳೂರಿಂದ ಫೋನ್ ಮಾಡಿದ. ಈ ಬೇಸ್ ಅವನದ್ದೇ, ಬಿಟ್ಟು ಹೋಗಿದ್ದು.

"ಅತ್ತೆ, ಕೈ ಹೇಗಿದೆ? ಆಕ್ಷನ್ ನೋಡಿದ್ರಾ? ಮಳೆಗೆ ನೆಕ್ ಬಾಗಿರುತ್ತೆ."

ಆಕ್ಷನ್ ಅಂದ್ರೆ ಫ್ರೆಟ್ಟಿನಿಂದ ತಂತಿ ಎಷ್ಟು ಎತ್ತರ ಇದೆ ಅನ್ನೋದು. ನೋಡಿದೆ, ಹೌದು. ಇಲ್ಲಿ ಜೂನ್‌ನಿಂದ ಮರ ಎಲ್ಲಾ ತೇವ ಕುಡೀತಾ ಇರುತ್ತೆ, ಬಾಗಿಲೇ ಮುಚ್ಚಕ್ಕಾಗಲ್ಲ, ಬೇಸ್ ಏನ್ ಮಾಡುತ್ತೆ ಪಾಪ. ಹನ್ನೆರಡನೇ ಫ್ರೆಟ್ಟಲ್ಲಿ ತಂತಿ 3 ಮಿಲಿಮೀಟರ್ ಮೇಲೆ ನಿಂತಿತ್ತು. ಫೋನ್ ಸ್ಪೀಕರಿಗೆ ಹಾಕಿ ಅವನು ಹೇಳಿದ ಹಾಗೆ ನೆಕ್ ಒಳಗಿನ ಕಬ್ಬಿಣದ ಸರಳು, ಟ್ರಸ್ ರಾಡನ್ನ, ಆಲನ್ ಕೀಲಿಲಿ ಕಾಲು ಸುತ್ತು ಮಾತ್ರ ಬಿಗಿ ಮಾಡಿದೆ, ನಾಳೆವರೆಗೂ ಮರ ಕೂರ್ಲಿ ಅಂದ. ತಂತಿನೂ ಮಾಮೂಲಿ 45-105 ಸೆಟ್ ತೆಗೆದು ಅದಕ್ಕಿಂತ ಸಣ್ಣದು 40-95 ಹಾಕೋಣ, ತಂದುಕೊಡ್ತೀನಿ ಅಂದ.

"ಕೈಲ್ ಪೊಳ್ದ್ ಹಬ್ಬದ ರಜೆಗೆ ಬರುವಾಗ 30 ಇಂಚಿನ ಬೇಸ್ ತರ್ಲಾ ಅತ್ತೆ, ಶಾರ್ಟ್ ಸ್ಕೇಲು? ಫ್ರೆಂಡ್ ಹತ್ರ ಇದೆ."

ತಾ ಅಂದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ನುಡಿಸೋ ಪಿಟೀಲಿನ ಆಕಾರದ ಹಾಫ್ನರ್ ಬೇಸ್ 30 ಇಂಚಿಂದೇ, ಅದನ್ನ ಆಟಿಕೆ ಅಂತ ಯಾರೂ ಅನ್ನಲ್ಲ. ಅದ್ರಲ್ಲಿ ಒಂದರಿಂದ ನಾಲ್ಕನೇ ಕಂಬಿಗೆ 4.5 ಇಂಚು, ತಂತಿನೂ ಸಡಿಲ ಇರುತ್ತೆ. ಅರ್ಧ ಇಂಚಿಗೂ ಮೇಲೆ ಉಳಿಯಿತು ಅಂದ್ರೆ ನನ್ನ ಕೈಗೆ ಅದು ದೊಡ್ಡದೇ. ಆದ್ರೂ ಹೇಳಿದೆ ಅವನಿಗೆ, ಮೊದಲು ಇದ್ರಲ್ಲೇ ಕೈ ಸರಿಸೋದು ಪೂರ್ತಿ ರೂಢಿ ಆಗ್ಲಿ ಕಣೋ, ಇಲ್ಲಾಂದ್ರೆ ಚಿಕ್ಕ ಬೇಸ್ ಮೇಲೂ ಅದೇ ಹಿಡಿತ ಹಿಡಿದು ಅದೇ ನೋವು ತಂದ್ಕೋತೀನಿ.

ಆರೂವರೆಗೆ ಕರೆಂಟ್ ಬಂತು. ಹತ್ತು ನಿಮಿಷ ನುಡಿಸಿ, ಐದು ನಿಮಿಷ ಬಿಟ್ಟು, ಮತ್ತೆ ಹತ್ತು ನಿಮಿಷ. ಚುಚ್ಚೋ ನೋವು ಬಂದ್ರೆ ಅಲ್ಲಿಗೇ ನಿಲ್ಲಿಸೋದು ಅಂತ ಡಾಕ್ಟರ್ ಮಾತು, ಇವತ್ತು ಬರ್ಲಿಲ್ಲ. ಸ ಇಂದ ಮೇಲಿನ ಸ ತನಕ ಹೋಗಿ ವಾಪಸ್ ಬರುವಾಗ ನಿ ಹತ್ರ ಕಿರುಬೆರಳೂ ಉಂಗುರದ ಬೆರಳೂ ಒಟ್ಟಿಗೆ ಇಳಿದ್ವು, ನಾನು ಹೇಳದೇನೇ. ಅಡುಗೆಮನೆಯಿಂದ ಇವರು, "ಅದೇನು, ಇನ್ನೊಂದ್ಸಲ ನುಡಿಸು" ಅಂದ್ರು. ನುಡಿಸಿದೆ.