ನಂಗೆಲ್ಲಿ ಬತ್ತದೆ ಲೆಕ್ಕ?

ಭಾನುವಾರ ಮದ್ದೂರಿನ ಹತ್ತಿರ ಇರುವ ಅತ್ತೆ ಮನೆಗೆ ಹೋಗಿದ್ದೆ. ಅವತ್ತು ಅವರ ಜಗಲಿಯಲ್ಲಿ ಚೀಟಿ ಕೂಗುವ ದಿನ. ಇಪ್ಪತ್ತು ಜನ, ತಲೆಗೆ ಐದು ಸಾವಿರ, ಒಟ್ಟು ಒಂದು ಲಕ್ಷದ ಚೀಟಿ. ಪಕ್ಕದ ಬೀದಿಯವರೊಬ್ಬರಿಗೆ ದುಡ್ಡು ಅರ್ಜೆಂಟಾಗಿ ಬೇಕಿತ್ತು, 16,400 ಬಿಟ್ಟು ಚೀಟಿ ಎತ್ತಿಕೊಂಡರು. ಆ ಬಿಟ್ಟ ದುಡ್ಡನ್ನು ಇಪ್ಪತ್ತೂ ಜನಕ್ಕೆ ಸಮನಾಗಿ ಹಂಚಿ ಕಳೆದರೆ ಈ ತಿಂಗಳು ಒಬ್ಬೊಬ್ಬರು ಎಷ್ಟು ಕಟ್ಟಬೇಕು? ನಾನು ಫೋನ್ ತೆಗೆದು ಕ್ಯಾಲ್ಕುಲೇಟರ್ ಹುಡುಕುತ್ತಿದ್ದೆ. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಕೂಡ ಎತ್ತಲಿಲ್ಲ. "ನಾಕ್ ಸಾವ್ರದ ನೂರೆಂಬತ್ತು" ಅಂದರು.

ಸ್ವಲ್ಪ ಹೊತ್ತಿಗೆ ಮಹಿಳಾ ಸಂಘದ ಅಧ್ಯಕ್ಷೆ ಬಂದರು. ಸಂಘದ ಪುಸ್ತಕ ಬರೆಯುತ್ತಿದ್ದ ಹುಡುಗಿ ಮದುವೆಯಾಗಿ ಬೆಂಗಳೂರಿಗೆ ಹೋಗಿದ್ದಾಳೆ, ಇನ್ನು ಮುಂದೆ ನೀವೇ ಬರೀಬೇಕು ಅಕ್ಕ ಅಂತ ಕೇಳಿದರು. ಅತ್ತೆ ಮುಖ ಹಿಡಿಯಷ್ಟಾಯಿತು.

"ಅಯ್ಯೋ, ನಂಗೆಲ್ಲಿ ಬತ್ತದೆ ಕನವ್ವ ಲೆಕ್ಕ? ಲೆಕ್ಕದಲ್ಲೇ ಎಸ್ಸೆಸ್ಸೆಲ್ಸಿ ಫೇಲಾದೋಳು ನಾನು."

"ಮತ್ತೆ ಈಗ ತಾನೇ ಹೇಳಿದ್ದೇನು ಅತ್ತೆ?" ಅಂದೆ.

"ಅದು ಯವಾರ ಕನಪ್ಪ. ಲೆಕ್ಕ ಬ್ಯಾರೆ."

ಇಷ್ಟೇ ನಡೆದದ್ದು. ಆದರೆ ವಾರವೆಲ್ಲ ಆ ಮಾತು ನನ್ನನ್ನು ಬಿಟ್ಟಿಲ್ಲ. ಯವಾರ ಬೇರೆ, ಲೆಕ್ಕ ಬೇರೆ! ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕು ಪರ್ಸೆಂಟು ಅಂತ ಊರ ಹೆಂಗಸರಿಗೆಲ್ಲ ಬಿಡಿಸಿ ಹೇಳಿ ಸಾಲ ತಪ್ಪಿಸುವವರು ಇವರು. ಡೈರಿಯಲ್ಲಿ ಹಾಲಿನ ಫ್ಯಾಟು ಇಳಿದರೆ ಬಟವಾಡೆಯಲ್ಲಿ ಎಷ್ಟು ಕಮ್ಮಿ ಬರುತ್ತೆ ಅಂತ ಇವರಿಗೆ ಮೊದಲೇ ಗೊತ್ತಿರುತ್ತೆ. ಮಾವ ಇದ್ದಾರಲ್ಲ, ಕಬ್ಬಿನ ಬಿಲ್ಲು ಬಂದ ತಕ್ಷಣ ಅದನ್ನು ಅತ್ತೆ ಕೈಗೆ ಕೊಟ್ಟು, ಟನ್ನಿಗೆಷ್ಟು ಬಿತ್ತು, ಕಟಾವು ಕೂಲಿ ಕಳೆದು ಉಳಿದದ್ದೆಷ್ಟು ಅಂತ ಕೇಳಿಕೊಂಡು, ಆಮೇಲೆ ಬಂದವರೆದುರು "ಇವ್ಳು ಎಸ್ಸೆಸ್ಸೆಲ್ಸಿ ಫೇಲು" ಅಂತ ನಗುವ ಮನುಷ್ಯ. ಕೆಟ್ಟವರಲ್ಲ, ಆದರೆ ಆ ನಗು ನನಗೆ ಯಾವತ್ತೂ ಹಿಡಿಸಿಲ್ಲ.

ಬ್ರೆಜಿಲ್‌ನ ರೆಸೀಫೆ ಅನ್ನುವ ಊರಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ಒಂದು ಅಧ್ಯಯನ ನಡೆದಿತ್ತು, 1985ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನ, ಐದೇ ಮಕ್ಕಳು. ಸಂತೆಯಲ್ಲಿ ನಿಂತು, ಇಷ್ಟು ಕಾಯಿ ಕೊಡು, ಎಷ್ಟಾಯ್ತು, ಚಿಲ್ಲರೆ ಎಷ್ಟು ಅಂತ ಕೇಳಿದರೆ ನೂರಕ್ಕೆ 98 ಉತ್ತರ ಸರಿ. ಅದೇ ಮಕ್ಕಳಿಗೆ ಅದೇ ಥರದ ಗುಣಾಕಾರ ಭಾಗಾಕಾರವನ್ನು ಬರೀ ಅಂಕಿಗಳಾಗಿ ಕೊಟ್ಟು ಮಾಡಿಸಿದರೆ ಸುಮಾರು 37 ಮಾತ್ರ ಸರಿ! ಆ ಮಕ್ಕಳಿಗೆ ಲೆಕ್ಕ ಬರುತ್ತಿರಲಿಲ್ಲವಾ? ಬರುತ್ತಿತ್ತು. ಶಾಲೆ ಕೇಳುವ ರೀತಿಯಲ್ಲಿ ಬರುತ್ತಿರಲಿಲ್ಲ, ಅಷ್ಟೆ. ಆದರೆ ಮಾರ್ಕು ಕೊಡುವುದು ಶಾಲೆ ತಾನೇ, ಸಂತೆ ಅಲ್ಲವಲ್ಲ.

ಅತ್ತೆಗೆ ಪಾಸಾಗಲು ಬೇಕಿದ್ದದ್ದು 35, ಬಂದದ್ದು 31. ನಲವತ್ತು ಚಿಲ್ಲರೆ ವರ್ಷದ ಹಿಂದಿನ ಮಾತು. ಹುಡುಗಿಗೆ ಇನ್ನೆಷ್ಟು ಓದು ಅಂತ ತಾತ ಮತ್ತೆ ಪರೀಕ್ಷೆ ಕಟ್ಟಿಸಲಿಲ್ಲ, ಗಂಡು ನೋಡಿದರು. ತಮಾಷೆ ಏನಂದ್ರೆ, ಅವರ ತಮ್ಮ, ಅಂದರೆ ನಮ್ಮಪ್ಪ, ಇಂಗ್ಲಿಷಿನಲ್ಲಿ ಫೇಲಾಗಿದ್ದರು. ತಾತ ಪಾಸಾಗುವ ತನಕ ಕಟ್ಟಿಸಿದರು. ಅಪ್ಪ ಸರ್ಕಾರಿ ಕೆಲಸ ಮಾಡಿ ರಿಟೈರ್ ಆಗಿದ್ದಾರೆ, ಅವರು ಫೇಲಾಗಿದ್ದು ಮನೆಯಲ್ಲಿ ಯಾರ ನೆನಪಿನಲ್ಲೂ ಇಲ್ಲ. ಅವರಿಗೇ ನೆನಪಿದೆಯೋ ಇಲ್ಲವೋ. ಅತ್ತೆಯದು ಮಾತ್ರ ಹೆಸರಿನ ಜೊತೆ ಅಂಟಿಕೊಂಡೇ ಉಳಿಯಿತು. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇಡುವ ಪದ್ಧತಿ ತಂದರು. ಮಕ್ಕಳಿಗೆ ಭಯವೇ ಹೋಯ್ತು ಅಂತ ಗೊಣಗುವವರು ಬೇಕಾದಷ್ಟು ಜನ. ಹೋಗಲಿ ಬಿಡಿ, ಆ ಭಯ ಇದ್ದು ಯಾರು ಉದ್ಧಾರವಾದರು?

ಅತ್ತೆ ಮಗ ಮೈಸೂರಲ್ಲಿ ಕೆಲಸದಲ್ಲಿದ್ದಾನೆ. ದಿನಾ ಬೆಳಿಗ್ಗೆ ಫೋನಿನಲ್ಲಿ ಯಾರದೋ ಭಾಷಣ ಕೇಳಿ ಹುರುಪಾಗುವವನು. ವಿಷಯ ತಿಳಿದು ಅಮ್ಮನಿಗೆ ಫೋನ್ ಮಾಡಿ, ದಿನಾ ಕನ್ನಡಿ ಮುಂದೆ ನಿಂತು "ನನಗೆ ಲೆಕ್ಕ ಬರುತ್ತೆ" ಅಂತ ಹೇಳ್ಕೋ ಅಂದನಂತೆ. ಅತ್ತೆ ನಿಜವಾಗಿಯೂ ನಿಂತು ಹೇಳಿದರಂತೆ ಪಾಪ. "ಏನಾಯ್ತತ್ತೆ?" ಅಂದರೆ, "ಕನ್ನಡೀಲಿರೋಳಿಗೂ ಬರಕಿಲ್ಲ ಕನಪ್ಪ, ಅವ್ಳೂ ಫೇಲು" ಅಂದರು!

ಇದು ಬರೀ ಜೋಕಲ್ಲ. ಕೆನಡಾದ ಜೋಆನ್ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ್ದೂ ಹೆಚ್ಚುಕಮ್ಮಿ ಇದನ್ನೇ. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡವರು ಇಂಥ ಒಳ್ಳೆ ಮಾತನ್ನು ತಮಗೆ ತಾವೇ ಹೇಳಿಕೊಂಡರೆ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಒಳಗಿನಿಂದ ಯಾರೋ "ಸುಳ್ಳು" ಅನ್ನುತ್ತಿರುವಾಗ ಬಾಯಲ್ಲಿ ಏನು ಹೇಳಿದರೆ ಏನು? ಆಲ್ಬರ್ಟ್ ಬಂಡೂರ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದರು, ನನ್ನ ಕೈಲಾಗುತ್ತೆ ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಸ್ವಂತ ಮಾಡಿ ಗೆದ್ದ ಕೆಲಸ, ಬೇರೆಯವರ ಹುರಿದುಂಬಿಸುವ ಮಾತು ಅಷ್ಟು ಗಟ್ಟಿ ಅಲ್ಲ ಅಂತ. ಅತ್ತೆ ಹತ್ತಿರ ಗೆದ್ದ ಕೆಲಸ ರಾಶಿ ಇದೆ. ಅದನ್ನೆಲ್ಲ "ಯವಾರ" ಅಂತ ಪಕ್ಕಕ್ಕೆ ಇಟ್ಟುಬಿಟ್ಟಿದ್ದಾರೆ, ಒಂದೂ ಅವರ ಖಾತೆಗೆ ಜಮಾ ಆಗಿಲ್ಲ. ಸಂಘದ ಪುಸ್ತಕವನ್ನು ತೊಡೆ ಮೇಲೆ ಇಟ್ಟು, ಇದೂ ನಿಮ್ಮ ಚೀಟಿ ಥರಾನೇ ಅತ್ತೆ, ಉಳಿತಾಯ ಇಲ್ಲಿ, ಸಾಲ ಇಲ್ಲಿ, ಬಡ್ಡಿ ಇಲ್ಲಿ, ಅಂತ ತೋರಿಸಿದರೆ ಸಾಕು ಅಂತ ನನಗನ್ನಿಸಿತು. ಅಧ್ಯಕ್ಷೆಗೆ ಫೋನ್ ಮಾಡಿ ಹಾಗೇ ಹೇಳಿದೆ.

ನಿನ್ನೆ ಅವರು ಪುಸ್ತಕ ತಗೊಂಡು ಹೋಗಿದ್ದಾರೆ. ಅತ್ತೆ ಬರೀತೀನಿ ಅಂತಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ. ಸುಮ್ನೆ ಹಾಳೆ ತಿರುಗಿಸಿ, ಬರೆಯೋರಿಗೆ ಸಂಬಳ ಅಂತ ತಿಂಗಳಿಗೆ ಎಷ್ಟು ಹಿಡೀತೀರಿ ಅಂತ ಕೇಳಿದರಂತೆ. ಒಬ್ಬೊಬ್ಬರಿಂದ ಇಪ್ಪತ್ತು ರೂಪಾಯಿ ಅಂದರಂತೆ ಅಧ್ಯಕ್ಷೆ.

"ಹದಿನೆಂಟು ಜನಕ್ಕೆ ಮುನ್ನೂರರವತ್ತು ಆಯ್ತಲ್ಲವ್ವ. ಇಲ್ಲಿ ನೋಡುದ್ರೆ ಆ ಮಗೀಗೆ ಮುನ್ನೂರೇ ಕೊಟ್ಟಿದ್ದೀರಿ. ಮಿಕ್ಕ ಅರವತ್ತು ಎಲ್ಲೋಯ್ತು?"