ಉಪ್ಪಿನಕಾಯಿ ಅಂಗಡಿಗೆ ಎಂಥ ಥೀಮು?

ಸಿರ್ಸಿ ಸುತ್ತಮುತ್ತ ಮನೆಯಲ್ಲೇ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಮಾಡಿ ಮಾರುವವರಿಗೆ ನಾನು ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಥೀಮು ಅಂದರೆ ಸೈಟಿಗೆ ತೊಡಿಸುವ ಸಿದ್ಧ ವಿನ್ಯಾಸ, ಟೆಂಪ್ಲೇಟು ಅಂದರೂ ಇಲ್ಲಿ ಅದೇ. ಬಂದವರು ಮೊದಲು ಖರ್ಚೆಷ್ಟು ಅಂತ ಕೇಳುತ್ತಾರೆ. ಆಮೇಲೆ ಫೋನಿನಲ್ಲಿ ಯಾವುದೋ ಡೆಮೊ ತೆಗೆದು, "ಹೀಗೇ ಬೇಕು ನೋಡಿ" ಅನ್ನುತ್ತಾರೆ. ಆ ಡೆಮೊ ಹೆಚ್ಚಾಗಿ ಎಲ್ಲವೂ ಒಂದರಲ್ಲೇ ಇರುವ ಟೆಂಪ್ಲೇಟಿನದು. ಜಿಮ್ಮು, ವಕೀಲರ ಕಚೇರಿ, ಮದುವೆ ಫೋಟೋಗ್ರಾಫರು, ಅಂಗಡಿ, ಎಲ್ಲಕ್ಕೂ ಅದೇ. ಅವಾಡಾ, ಡಿವಿ ಈ ಜಾತಿಯವು. ಇನ್ನೊಂದು ಕಡೆ ಸ್ಟೋರ್‌ಫ್ರಂಟ್‌ನಂಥ ಬರೀ ಅಂಗಡಿಯ ಥೀಮು. ವರ್ಡ್‌ಪ್ರೆಸ್ ಸೈಟಿಗೆ ಅಂಗಡಿ ಜೋಡಿಸುವ ವೂಕಾಮರ್ಸ್‌ನವರೇ 2014ರಲ್ಲಿ ಹೊರತಂದದ್ದು. ಕಾಸು ಕೊಡಬೇಕಿಲ್ಲ, ನೋಡಲು ಮಾತ್ರ ಸಪ್ಪೆ.

ನನ್ನ ಓಟು ಸಪ್ಪೆಗೆ.

ನಮ್ಮ ಅತ್ತೆಯ ಅಪ್ಪೆಮಿಡಿ ಅಂಗಡಿಯನ್ನೇ ತೆಗೆದುಕೊಳ್ಳಿ. ಮಾಲು ನಾಲ್ಕೈದು ಬಗೆ. ಪ್ರತಿಯೊಂದಕ್ಕೂ ಕಾಲು ಕೇಜಿ, ಅರ್ಧ ಕೇಜಿ, ಒಂದು ಕೇಜಿ. ಬೆಂಗಳೂರಿನಲ್ಲಿರುವ ಗಿರಾಕಿ ತೂಕ ಆರಿಸಬೇಕು, ವಿಳಾಸ ಬರೆಯಬೇಕು, ಯುಪಿಐನಲ್ಲಿ ದುಡ್ಡು ಹಾಕಬೇಕು. ಅಷ್ಟೇ ಕೆಲಸ. ಅತ್ತೆಗೆ ಒಂದು ದೊಡ್ಡ ಟೆಂಪ್ಲೇಟಿನ ಅಂಗಡಿ ಡೆಮೊ ತೋರಿಸಿದೆ. ಮೇಲಿಂದ ಚಿತ್ರ ಜಾರಿಕೊಂಡು ಬಂತು, ಅಂಕಿಗಳು ತಾವೇ ಎಣಿಸಿಕೊಂಡು ಏರಿದವು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಅದೆಲ್ಲ ಇರ್ಲಿ ಮಾರಾಯಾ, ಅರ್ಧ ಕೇಜಿ ಬೇಕಾದ್ರೆ ಎಲ್ಲಿ ಒತ್ತಬೇಕು?" ಅಂದರು. ಥೀಮು ಆರಿಸುವಾಗ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಗೊತ್ತಿಲ್ಲ.

ಕನ್ನಡದ್ದು ಬೇರೆಯೇ ಕಥೆ. ಈ ಟೆಂಪ್ಲೇಟುಗಳ ದಪ್ಪ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡು ಅಳತೆ ಮಾಡಿರುತ್ತಾರೆ, ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಲ್ಲಿ 'ಅಪ್ಪೆಮಿಡಿ ಉಪ್ಪಿನಕಾಯಿ' ಅಂತ ಹಾಕಿ, ಅದು ಫೋನಿನಲ್ಲಿ ಎರಡು ಸಾಲಾಗಿ ಮುರಿಯಲಿ. ಮೇಲಿನ ಪ್ಪೆಯ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಚೆಂದಕ್ಕೆಂದು ಅಕ್ಷರಗಳ ನಡುವೆ ಅಂತರ ಬಿಟ್ಟಿದ್ದರಂತೂ ಪದವೇ ಚೆಲ್ಲಾಪಿಲ್ಲಿ. ಸ್ಟೋರ್‌ಫ್ರಂಟ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟು ಹಾಕಿ, ಸಾಲಿನ ಎತ್ತರ ಒಂದೂವರೆಗೆ ಏರಿಸಿದೆ, ಮುಗಿಯಿತು. ದೊಡ್ಡ ಟೆಂಪ್ಲೇಟಿನಲ್ಲಿ ಇದೇ ಕೆಲಸಕ್ಕೆ ಪುಟಪುಟಕ್ಕೂ, ಬ್ಲಾಕುಬ್ಲಾಕಿಗೂ ಹೋಗಿ ಹುಡುಕಿದ್ದೂ ಉಂಟು.

ಅಪ್‌ಡೇಟಿನ ಮಾತನ್ನು ಕೊಳ್ಳುವಾಗ ಯಾರೂ ಎತ್ತುವುದಿಲ್ಲ. ಎಷ್ಟೋ ಥೀಮುಗಳು ವೂಕಾಮರ್ಸ್‌ನ ಕಾರ್ಟು, ಚೆಕ್‌ಔಟು, ಸರಕಿನ ಪುಟಗಳ ಫೈಲುಗಳನ್ನು ನಕಲು ಮಾಡಿ ತಮ್ಮ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತವೆ. ವೂಕಾಮರ್ಸ್ ಮುಂದೆ ಹೋದ ಮೇಲೆ ಆ ನಕಲು ಹಳತಾಗುತ್ತದೆ. ವೂಕಾಮರ್ಸ್‌ನ ಸ್ಟೇಟಸ್ ಪುಟ ತೆರೆದರೆ ಯಾವ ಫೈಲು ಹಳೆಯದು ಅಂತ ಅಲ್ಲೇ ತೋರಿಸುತ್ತದೆ, ಸರಿಪಡಿಸುವುದು ಮಾತ್ರ ಥೀಮಿನವರ ಕೈಲಿದೆ. ಸ್ಟೋರ್‌ಫ್ರಂಟ್ ಆ ಫೈಲುಗಳನ್ನು ಮುಟ್ಟುವುದೇ ಇಲ್ಲ, ಬೇಕಾದದ್ದನ್ನು ವೂಕಾಮರ್ಸ್ ಅದಕ್ಕೆಂದೇ ಬಿಟ್ಟಿರುವ ಹುಕ್ಕುಗಳಲ್ಲಿ ಸಿಕ್ಕಿಸುತ್ತದೆ. 2023ರ ನವೆಂಬರಿನಲ್ಲಿ ಬಂದ ವೂಕಾಮರ್ಸ್ 8.3ರಿಂದ ಹೊಸ ಅಂಗಡಿಗಳಿಗೆ ತುಂಡುತುಂಡಾಗಿ ಜೋಡಿಸುವ ಬ್ಲಾಕಿನ ಚೆಕ್‌ಔಟೇ ಮೊದಲಾಗಿ ಸಿಗುತ್ತದೆ, ಥೀಮು ಅದಕ್ಕೆ ಹೊಂದದೆಯೂ ಇರಬಹುದು. ಹಾಗಾಗಿ ಯಾವುದೇ ಥೀಮು ಕೊಳ್ಳುವ ಮೊದಲು ಡೆಮೊದ ಮುಖಪುಟ ಬಿಟ್ಟು ನೇರ ಚೆಕ್‌ಔಟಿಗೆ ಹೋಗಿ ನೋಡಿ, ಅದೂ ಫೋನಿನಲ್ಲಿ.

ಬಿಟ್ಟುಹೋಗುವ ದಿನದ ಲೆಕ್ಕವೂ ಇದೆ. ಕೆಲವು ಟೆಂಪ್ಲೇಟುಗಳಲ್ಲಿ ಪುಟ ಕಟ್ಟುವ ಸಲಕರಣೆ ಥೀಮಿನೊಳಗೇ ಸೇರಿಕೊಂಡಿರುತ್ತದೆ. ಥೀಮು ತೆಗೆದರೆ ನಿಮ್ಮ ಬರಹದ ಸುತ್ತ ಚೌಕ ಆವರಣದ ಶಾರ್ಟ್‌ಕೋಡುಗಳು, ಅಂದರೆ ಆ ಸಲಕರಣೆಯ ಸಂಕೇತಗಳು, ಕಳೆಯಂತೆ ಉಳಿದುಬಿಡುತ್ತವೆ. ಸರಕು, ಬೆಲೆ, ಆರ್ಡರು ವೂಕಾಮರ್ಸ್‌ನಲ್ಲೇ ಇರುವುದರಿಂದ ಸುರಕ್ಷಿತ. ಹೋಗುವುದು ನೀವು ರಾತ್ರಿ ಕೂತು ಅಲಂಕರಿಸಿದ ಪುಟಗಳು.

"ನಮ್ಮಣ್ಣ ಥೀಮ್‌ಫಾರೆಸ್ಟ್‌ನಲ್ಲಿ ಒಂದು ಕೊಂಡಿದ್ದಾನೆ, ಅದನ್ನೇ ನನಗೂ ಹಾಕಿಕೊಡಿ" ಅನ್ನುವವರೂ ಬರುತ್ತಾರೆ. ಥೀಮ್‌ಫಾರೆಸ್ಟ್ ಅಂದರೆ ಥೀಮು ಮಾರುವ ಸೈಟು. ಅಲ್ಲಿನ ಸಾಮಾನ್ಯ ಲೈಸೆನ್ಸು ಒಂದೇ ಸೈಟಿಗೆ. ಅದರ ಜೊತೆ ಬರುವ ಸಪೋರ್ಟು 6 ತಿಂಗಳು. ಅಣ್ಣನದು ಅಣ್ಣನಿಗೇ ಇರಲಿ.

ಹಾಗಂತ ದೊಡ್ಡ ಟೆಂಪ್ಲೇಟು ಹಾಕಲೇಬಾರದು ಅಂತಲ್ಲ. ಯಾಣದ ಹಾದಿಯಲ್ಲಿ ಹೋಮ್‌ಸ್ಟೇ ನಡೆಸುವ ದಂಪತಿಗೆ ನಾನೇ ಅದನ್ನು ಹಾಕಿಕೊಟ್ಟೆ. ಅವರಿಗೆ ಬೇಕಾದದ್ದು ತೋಟದ ಫೋಟೋಗಳು, ಕೋಣೆಯ ಬಾಡಿಗೆ, ದಾರಿಯ ನಕ್ಷೆ, ಊಟಕ್ಕೆ ಏನೇನು ಸಿಗುತ್ತದೆ ಅನ್ನುವ ಪುಟ. ಅಲ್ಲಿ ಚಿತ್ರ ಜಾರಿಕೊಂಡು ಬಂದರೇ ಚೆಂದ. ಸ್ಟೋರ್‌ಫ್ರಂಟ್ ಹಾಕಿದ್ದರೆ ಕೋಣೆಗಳೂ ಬಾಟಲಿಗಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು. ಅವರೂ ಒಂದಿಷ್ಟು ಜೇನು, ಉಪ್ಪಿನಕಾಯಿ ಮಾರುತ್ತಾರೆ, ಉಳಿದುಕೊಂಡು ಹೋದವರಿಗಷ್ಟೇ. ಅದಕ್ಕೆ ಕಾರ್ಟು ಬೇಡ ಅಂದೆ, ವಾಟ್ಸಾಪ್ ಬಟನ್ ಒಂದನ್ನು ಇಟ್ಟೆವು.