ಹನ್ನೆರಡನೇ ಪ್ರಶ್ನೆ

ನಮ್ಮ ಇತಿಹಾಸದ ಮಾಸ್ತರು ಈ ವರ್ಷ ತೀರಿಕೊಂಡರು. ತೊಂಬತ್ತರ ಹತ್ತಿರ ವಯಸ್ಸು. ಕಲಬುರಗಿಯ ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕಿ ತಿರುಗಿ ನೋಡಿದೆ. 1986ರ ಹತ್ತನೇ ಕ್ಲಾಸಿನ ಅರ್ಧದಷ್ಟು ಹುಡುಗರು ಅಲ್ಲಿದ್ದರು. ಹುಡುಗರು ಅಂದೆ, ಎಲ್ಲರಿಗೂ ತಲೆ ನರೆತಿದೆ. ಕೆಲವರ ಗುರುತೇ ಹತ್ತಲಿಲ್ಲ. ಅಷ್ಟರಲ್ಲಿ ಯಾರೋ ಮೆಲ್ಲಗೆ "1875, ಏಪ್ರಿಲ್ 7" ಅಂದರು. ಎಲ್ಲರ ಕಣ್ಣೂ ತುಂಬಿಬಂತು.

ಅದು ಕುರಾನನ್ನು ಇಂಗ್ಲಿಷಿಗೆ ತಂದ ಇಂಗ್ಲಿಷ್ ಲೇಖಕ ಮರ್ಮಡ್ಯೂಕ್ ಪಿಕ್‌ಥಾಲ್ ಹುಟ್ಟಿದ ದಿನ. ನಮ್ಮ ಪಠ್ಯಪುಸ್ತಕದಲ್ಲಿ ಆ ಹೆಸರೇ ಇರಲಿಲ್ಲ. ಪಠ್ಯದಲ್ಲಿ ಏನಿತ್ತು ಅಂತ ಇವತ್ತು ಕೇಳಿದರೆ ನನಗೆ ನೆನಪಿಲ್ಲ. ಪಿಕ್‌ಥಾಲ್ ಮಾತ್ರ ಹಾಗೇ ಉಳಿದಿದ್ದಾನೆ.

ಮಾಸ್ತರು ಡಸ್ಟರ್ ಮುಟ್ಟುತ್ತಿರಲಿಲ್ಲ. ಬೋರ್ಡನ್ನು ಅಂಗೈಯಿಂದಲೇ ಒರೆಸಿ, ಆ ಕೈಯನ್ನು ಕಪ್ಪು ಶೇರ್ವಾನಿಗೆ ಸವರಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಡಗಡೆ ಜೇಬಿನ ಮೇಲೆ ಒಂದು ಬಿಳಿ ಹಸ್ತ ಮೂಡಿರುತ್ತಿತ್ತು. ಸಂಜೆ ಅದೇ ಶೇರ್ವಾನಿಯಲ್ಲಿ ಮಸೀದಿಗೆ ಹೋಗಿ ಸಣ್ಣ ಮಕ್ಕಳಿಗೆ ಅಲಿಫ್, ಬೇ ಹೇಳಿಕೊಡುತ್ತಿದ್ದರು.

ಅವರ ತಂದೆ ಹೈದರಾಬಾದಿನ ಚಾದರಘಾಟ್ ಹೈಸ್ಕೂಲಿನಲ್ಲಿ ಓದಿದವರು. 1925ರಲ್ಲಿ ಆ ಶಾಲೆಗೆ ಹೆಡ್‌ಮಾಸ್ತರಾಗಿ ಬಂದವನೇ ಪಿಕ್‌ಥಾಲ್. ಆಗ ಗುಲ್ಬರ್ಗಾ ಕೂಡ ನಿಜಾಮರ ರಾಜ್ಯದಲ್ಲೇ ಇತ್ತಲ್ಲ, ಹುಡುಗರು ಓದೋಕೆ ಅಲ್ಲಿಗೇ ಹೋಗುತ್ತಿದ್ದರು. ತಂದೆಯಿಂದ ಕೇಳಿದ್ದನ್ನೆಲ್ಲ ಮಾಸ್ತರು ನಮಗೆ ದಾಟಿಸಿದರು.

ಶನಿವಾರ ನಮಗೆ ಟೆಸ್ಟ್ ಇರುತ್ತಿತ್ತು. ಒಂದು ಶನಿವಾರ ನಾನು ಎದ್ದು ನಿಂತು, "ಸರ್, ಪಿಕ್‌ಥಾಲನ ತಂದೆ ಪಾದ್ರಿ ಆಗಿದ್ದರಂತೆ, ಹೌದಾ?" ಅಂತ ಸುಮ್ನೆ ಕೇಳಿದೆ. ಮಾಸ್ತರು ಪ್ರಶ್ನೆಪತ್ರಿಕೆ ಕೆಳಗಿಟ್ಟರು. ಗಂಟೆ ಹೊಡೆಯುವವರೆಗೂ ಮಾತು ನಿಲ್ಲಲಿಲ್ಲ. ಟೆಸ್ಟ್ ಹೋಯಿತು! ಅಲ್ಲಿಂದ ನಾನೇ ಪಾಳಿ ಹಚ್ಚಿದೆ. ವಾರಕ್ಕೊಬ್ಬರು, ವಾರಕ್ಕೊಂದು ಪ್ರಶ್ನೆ. ಇಡೀ ಕ್ಲಾಸನ್ನು ಒಗ್ಗಟ್ಟಾಗಿ ಹಿಡಿದಿಡುವ ಗುಣ ನನಗೆ ಆಗಲೇ ಇತ್ತು ಅಂತ ಗೆಳೆಯರು ಈಗಲೂ ಹೇಳುತ್ತಾರೆ.

ಹೀಗೆ ಹನ್ನೊಂದು ಶನಿವಾರ ಕಳೆದವು. ಹ್ಯಾರೋ ಶಾಲೆಯಲ್ಲಿ ಚರ್ಚಿಲ್ ಇದ್ದ ಕಾಲಕ್ಕೇ ಅವನೂ ಓದಿದ್ದು, ಹತ್ತೊಂಬತ್ತು ತುಂಬುವ ಹೊತ್ತಿಗೆ ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾ ಸುತ್ತುತ್ತ ಅರಬ್ಬಿ ಕಲಿತದ್ದು, 1917ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ತಾನು ಮುಸ್ಲಿಮ್ ಅಂತ ಎಲ್ಲರೆದುರು ಹೇಳಿದ್ದು, ಮುಂದೆ ಅದೇ ಇಂಗ್ಲೆಂಡಿನಲ್ಲಿ ಇಮಾಮನಾಗಿ ನಿಂತು ನಮಾಜು ಮಾಡಿಸಿದ್ದು. 1920ರಲ್ಲಿ ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕನಾಗಿ ಗಾಂಧೀಜಿಯ ಪರ ನಿಂತದ್ದನ್ನು ಹೇಳುವಾಗ ಮಾಸ್ತರ ದನಿ ಏರುತ್ತಿತ್ತು.

ಕುರಾನಿನ ಅನುವಾದದ ಕತೆಗಂತೂ ಎರಡು ಶನಿವಾರ ಬೇಕಾಯಿತು. ಆ ಕೆಲಸಕ್ಕೆ ನಿಜಾಮರು ಅವನಿಗೆ ಎರಡು ವರ್ಷ ಸಂಬಳದ ರಜೆ ಕೊಟ್ಟರು. ಅವನು ಕೈರೋಗೆ ಹೋಗಿ ವಿದ್ವಾಂಸರ ಮುಂದೆ ಕೂತು ತನ್ನ ಬರಹ ತಿದ್ದಿಕೊಂಡ. 1930ರಲ್ಲಿ ಪುಸ್ತಕ ಹೊರಬಂತು. ಮುಸ್ಲಿಮನಾದ ಇಂಗ್ಲಿಷ್ ಮನುಷ್ಯನೊಬ್ಬ ಮಾಡಿದ ಮೊದಲ ಇಂಗ್ಲಿಷ್ ಅನುವಾದ ಅದು. ಆದರೂ ಅದನ್ನು ಅವನು ಕುರಾನ್ ಅಂತ ಕರೆಯಲಿಲ್ಲ, ಕುರಾನಿನ ಅರ್ಥ ಅಂತ ಕರೆದ. ಮೂಲವನ್ನು ಬೇರೆ ಭಾಷೆಗೆ ತರೋಕೆ ಆಗೋದೇ ಇಲ್ಲ ಅನ್ನೋದು ಅವನ ನಂಬಿಕೆ. "ಇಷ್ಟು ದುಡಿದು ಹಿಂಗ ಹೇಳಾಕ ದೊಡ್ಡ ಮನಸ್ಸು ಬೇಕ್ರೋ" ಅಂದು ಮಾಸ್ತರು ಕಿಟಕಿಯ ಕಡೆ ತಿರುಗಿ ನಿಂತರು.

ಹನ್ನೆರಡನೇ ಶನಿವಾರ ಕ್ಲಾಸಿಗೆ ಬಂದವರೇ ಹಾಳೆ ತೆಗೆಯಿರಿ ಅಂದರು. ಯಾರೋ ಕೈ ಎತ್ತಿದರು. "ಕೈ ಇಳಸು. ನೀವು ಕೇಳಿದ್ದೆಲ್ಲ ಮುಗೀತು, ಈಗ ನಾ ಕೇಳ್ತೀನಿ" ಅಂದರು. ನಾವು ಕೇಳಿದ ಹನ್ನೊಂದು ಪ್ರಶ್ನೆಗಳನ್ನೂ, ಕೇಳಿದವರ ಹೆಸರಿನ ಸಮೇತ, ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡಿದ್ದರು! ಹನ್ನೆರಡನೆಯದು ಅವರದೇ: ದಮಾಸ್ಕಸ್‌ನಲ್ಲಿ ಹುಡುಗ ಪಿಕ್‌ಥಾಲ್ ಮುಸ್ಲಿಮನಾಗುತ್ತೇನೆ ಅಂದಾಗ ಉಮಯ್ಯಾದ್ ಮಸೀದಿಯ ಶೇಖ್ ಯಾಕೆ ಬೇಡ ಅಂದರು?

ಬ್ರಿಟಿಷರಿಗೆ ಹೆದರಿ ಅಂತ ಹಲವರು ಬರೆದರು. ಹುಡುಗನ ನಂಬಿಕೆ ಗಟ್ಟಿ ಇರಲಿಲ್ಲ ಅಂತ ನಾನು ಬರೆದೆ. ಎಲ್ಲವೂ ತಪ್ಪು. ನನಗೆ ಹನ್ನೊಂದು ಬಂತು, ಕ್ಲಾಸಿಗೇ ಜಾಸ್ತಿ. ಸರಿ ಉತ್ತರವನ್ನು ಮಾತ್ರ ಅವರು ಅವತ್ತು ಹೇಳಲಿಲ್ಲ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಪೇಡೆ ಹಿಡಿದು ಅವರ ಮನೆಗೆ ಹೋದೆ. ಹದಿನಾರು ವರ್ಷ. ವರ್ಷಪೂರ್ತಿ ತಲೆಯಲ್ಲಿ ಪಿಕ್‌ಥಾಲನೇ. "ಸರ್, ನಾನೂ ಅವನ ಹಾಗೇ ಮುಸ್ಲಿಮನಾಗಬೇಕು, ಕಲ್ಮಾ ಹೇಳಿಕೊಡಿ" ಅಂದೆ. ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ.

"ನಿಮ್ಮವ್ವಗ ಗೊತ್ತೇನು?"

"ಇಲ್ರೀ."

ಆಗ ಹೇಳಿದರು. ಆ ಶೇಖ್ ಕೂಡ ಹುಡುಗನಿಗೆ ಅವನ ತಾಯಿಯನ್ನೇ ನೆನಪಿಸಿದರಂತೆ. ನಮ್ಮ ಮಕ್ಕಳೂ ಹೀಗೇ ಕ್ರೈಸ್ತರ ನಡುವೆ ಒಂಟಿಯಾಗಿರುತ್ತಾರೆ, ಅವರನ್ನು ಅಲ್ಲಿಯ ಗುರುಗಳು ಹೇಗೆ ನೋಡಿಕೊಳ್ಳಲಿ ಅಂತ ನಾನು ಬಯಸುತ್ತೇನೋ ಹಾಗೇ ನಿನ್ನನ್ನೂ ನೋಡಿಕೊಳ್ಳಬೇಕಲ್ಲ, ದೊಡ್ಡವನಾಗು, ನಿನ್ನ ನಾಡನ್ನು ಇನ್ನೊಮ್ಮೆ ನೋಡು ಅಂದರಂತೆ. ಪಿಕ್‌ಥಾಲ್ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾದ.

"ಮನೀಗ್ ಹೋಗು ತಮ್ಮಾ. ಅವ್ವ ರೊಟ್ಟಿ ಬಡೀತಿರ್ತಾಳ. ಬಾಜೂಕ ಕೂತು ಉಣ್ಣು" ಅಂದರು.

ಹೋದೆ. ಉಂಡೆ. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಮುಂದೆ ನಾನೂ ಇತಿಹಾಸವನ್ನೇ ಓದಿ ಮೇಷ್ಟರಾದೆ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ತೂಕಡಿಸೋದಿಲ್ಲ ಅನ್ನೋ ಹೆಸರು ನನಗಿದೆ. ಅದು ಅವರು ಕೊಟ್ಟ ಆಸ್ತಿ. ಈಗಿನ ಶಾಲೆಗಳಲ್ಲಿ ಹನ್ನೊಂದು ಶನಿವಾರ ಪಾಠ ಬಿಟ್ಟು ಮಾತಾಡಿದರೆ ಮೇಷ್ಟರಿಗೆ ನೋಟಿಸ್ ಬರುತ್ತದೆ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಮಕ್ಕಳಿಗೆ ಆ ಶೇಖ್‌ನ ಪ್ರಶ್ನೆಯನ್ನು ಹೇಗೆ ಕೇಳೋದು? ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಪಿಕ್‌ಥಾಲ್ 1935ರಲ್ಲಿ ಹೈದರಾಬಾದ್ ಬಿಟ್ಟ. 1936ರ ಮೇ 19ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡ. ಬ್ರೂಕ್‌ವುಡ್‌ನಲ್ಲಿ ಅವನ ಗೋರಿ ಇದೆ. ನೋಡಬೇಕು ಅಂತ ಮಾಸ್ತರಿಗೆ ಆಸೆ ಇತ್ತು. ಆಗಲಿಲ್ಲ.

ಮಣ್ಣು ಮುಗಿದ ಮೇಲೆ ಅವರ ಮಗ ನಮ್ಮನ್ನು ಮನೆಗೆ ಕರೆದು ಟ್ರಂಕಿನಿಂದ ಹಳೇ ರಿಜಿಸ್ಟರ್ ತೆಗೆದುಕೊಟ್ಟರು. ಅಂಚೆಲ್ಲ ಹುಳ ತಿಂದಿತ್ತು. ಹನ್ನೆರಡು ಪ್ರಶ್ನೆ, ಕೆಳಗೆ ನಮ್ಮ ಹೆಸರುಗಳು, ಎದುರಿಗೆ ಕೆಂಪು ಶಾಯಿಯಲ್ಲಿ ಅಂಕ. ನನ್ನ ಹೆಸರಿನ ಮುಂದೆ 11 ಇತ್ತು. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ 12 ಅಂತ ಬರೆದಿದ್ದರು.